ಚಿರತೆಯ ಬೋನಿನ ಮುಂದೆ ಕೇಳಿದ ಕೂಗು

ದೇವರು ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ಮಾತಾಡುವುದು, ಹರಕೆ ತಪ್ಪಿದ್ದಕ್ಕೆ ಮನೆಗೆ ತೊಂದರೆಯಾಗುವುದು, ಇದನ್ನೆಲ್ಲ ನಾನು ಯಾವತ್ತೂ ನಂಬಿದವಳಲ್ಲ. ಹೇಳುವವರ ಎದುರಿಗೇ ನಕ್ಕಿದ್ದೇನೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಇಷ್ಟು ಸೊಕ್ಕು ಎಲ್ಲಿಂದ ಬಂತು ಎಂದು ನನ್ನ ಅತ್ತೆ ಕೇಳುತ್ತಿದ್ದಳು. ಸೊಕ್ಕೇನಲ್ಲ, ನನಗೆ ಪುರುಸೊತ್ತಿರಲಿಲ್ಲ. ಗದ್ದೆ, ಬಸಳೆ ಚಪ್ಪರ, ಹರಿವೆ ಮಡಿ, ಕೊಟ್ಟಿಗೆ ಇಷ್ಟನ್ನು ಒಬ್ಬಳೇ ನೋಡಿಕೊಳ್ಳುವವಳಿಗೆ ದೆವ್ವದ ವಿಚಾರಕ್ಕೆ ಹೊತ್ತೆಲ್ಲಿಂದ ಬರಬೇಕು? ಈಗ ನಂಬಿಕೆ ಬಂದಿದೆ ಎಂದೂ ನಾನು ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ, ಹಾಡುಹಗಲಲ್ಲಿ, ನೂರು ಜನರ ನಡುವೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಮಂಕಿ ಕಡೆಯ ಹಳ್ಳಿ. ಮಗ ರಿಕ್ಷಾ ಓಡಿಸುತ್ತಾನೆ. ಅವನ ಹೆಂಡತಿ ಮಾಲತಿ. ಅವರ ಮಗಳು ಸಿಂಚನಾಗೆ ಆಗ ಏಳು ವರ್ಷ, ಮಗ ತನುಷನಿಗೆ ನಾಲ್ಕು. ನಾಲ್ಕು ತುಂಬಿದರೂ ಹುಡುಗ ಒಂದು ಮಾತೂ ಆಡಿರಲಿಲ್ಲ. ‘ಅಮ್ಮ’ ಎಂದೂ ಇಲ್ಲ. ಹಸಿವಾದರೆ ಸೆರಗು ಜಗ್ಗುತ್ತಿದ್ದ, ಬೇಡವಾದರೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಹೊನ್ನಾವರದಲ್ಲಿ ತೋರಿಸಿದೆವು, ಕುಮಟೆಯಲ್ಲಿ ತೋರಿಸಿದೆವು. ಕಿವಿ ಸರಿ ಇದೆ, ನಾಲಗೆ ಸರಿ ಇದೆ, ಕಾಯಿರಿ, ಅವನ ಹತ್ತಿರ ಹೆಚ್ಚು ಮಾತಾಡಿ ಎಂದರು. ಕಾಯುವುದಕ್ಕೂ ಒಂದು ಲೆಕ್ಕವಿರುತ್ತದೆ. ಬರುವ ವರ್ಷ ಹೀಗೇ ಇದ್ದರೆ ಊರ ಶಾಲೆಗೆ ಕಷ್ಟ, ಮೂಕ ಮಕ್ಕಳ ಶಾಲೆ ಎಲ್ಲಿದೆ ಎಂದು ವಿಚಾರಿಸಿ ಇಟ್ಟುಕೊಳ್ಳಿ ಎಂದು ಅಂಗನವಾಡಿಯವಳು ಹೇಳಿದ್ದಳು. ಅದನ್ನು ಕೇಳಿದ ದಿನ ಮಾಲತಿ ಊಟ ಮಾಡಲಿಲ್ಲ. ಒಂದು ಮದುವೆಮನೆಯಲ್ಲಿ ನಮ್ಮದೇ ಸಂಬಂಧದ ಹೆಂಗಸೊಬ್ಬಳು ಎಲ್ಲರ ಮುಂದೆ, “ಎಂತದೇ ಮಾಲತಿ, ಬಸುರಿಲ್ ಇರ್ತಾ ಎಂತ ತಿಂದಿದ್ಯೆ? ಗಂಡು ಇನ್ನೂ ಬಾಯಿ ಬಿಡ್ಲಿಲ್ವಲೆ,” ಎಂದಿದ್ದಳು. “ನಿನ್ನ ಬಾಯಲ್ಲಿ ಅರ್ಧ ಕೊಟ್ಬಿಡು, ಇಬ್ರಿಗೂ ಒಳ್ಳೇದಾತು,” ಎಂದು ನಾನು ಹೇಳಿದೆ. ಆಮೇಲೆ ಅವಳು ನಮ್ಮ ಮನೆಗೆ ಬರಲಿಲ್ಲ. ಬರದಿದ್ದರೆ ಬೇಡ.

ಮದುವೆಮನೆಯಿಂದ ಬಂದ ರಾತ್ರಿ ಮಾಲತಿ ನನ್ನನ್ನು ಕೇಳಿದಳು, “ಅತ್ತೆ, ನಮ್ಮನೇಲಿ ಎಂತಾದ್ರೂ ಹರಕೆ ಬಾಕಿ ಉಳ್ದದ್ಯಾ? ಯಾರಾದ್ರೂ ಎಂತಾದ್ರೂ ತಪ್ಪಿಸಿದ್ದು?”

“ಎಂತದೂ ಇಲ್ಲ. ಸುಮ್ನೆ ತಲೆ ಕೆಡಿಸ್ಕಬೇಡ,” ಎಂದೆ.

ಅದು ಸುಳ್ಳು. ಇಲ್ಲಿ ಅದನ್ನು ಹೇಳಿಬಿಡಬೇಕು. ಈವರೆಗೆ ಯಾರಿಗೂ ಹೇಳಿದ್ದಲ್ಲ.

ಹಿಂದೆ ನಮ್ಮಲ್ಲಿ ಒಂದು ದನವಿತ್ತು. ಸೋಮವಾರ ಹುಟ್ಟಿದ್ದಕ್ಕೆ ಅದರ ಹೆಸರು ಸೋಮಿ. ನಮ್ಮ ಕಡೆ ದನ ಕರು ಹಾಕಿದರೆ ಹನ್ನೊಂದನೇ ದಿನದ ಹಾಲನ್ನು ಬೆಟ್ಟದ ಬುಡದಲ್ಲಿರುವ ಹುಲಿದೇವರ ಕಲ್ಲಿಗೆ ಎರೆಯಬೇಕು, ಆಮೇಲೆಯೇ ಮನೆಯವರು ಬಳಸಬೇಕು. ಸೋಮಿ ಎರಡನೇ ಕರು ಹಾಕಿದಾಗ ಹಾಲೆರೆಯಲು ಅತ್ತೆ ನನ್ನನ್ನು ಕಳಿಸಿದಳು. ಪೇಟೆಯ ಹೋಟೆಲಿಗೆ ವರ್ತನೆಯ ಹಾಲು ಕೊಡಬೇಕಿತ್ತು, ಅದು ಕಡಿಮೆ ಬಿದ್ದಿತ್ತು. ನಾನು ಹಾಲನ್ನು ಹೋಟೆಲಿಗೆ ಕೊಟ್ಟು, ಅನ್ನ ಬಸಿದ ತೆಳಿಯನ್ನು ತಂಬಿಗೆಯಲ್ಲಿ ಒಯ್ದು ಕಲ್ಲಿನ ಮೇಲೆ ಹೊಯ್ದೆ. ಅದೂ ಬೆಳ್ಳಗೇ ಇತ್ತು. ಕಲ್ಲಿಗೆ ರುಚಿ ಗೊತ್ತಾಗುತ್ತದೆಯೇ ಎಂದು ದಾರಿಯಲ್ಲಿ ಒಬ್ಬಳೇ ನಕ್ಕಿದ್ದೂ ನೆನಪಿದೆ. ಅದಾಗಿ ವಾರದೊಳಗೆ ಬೆಟ್ಟಕ್ಕೆ ಮೇಯಲು ಹೋದ ಸೋಮಿ ತಿರುಗಿ ಬರಲಿಲ್ಲ. ಆರು ಸಂಜೆ ಬೆಟ್ಟದ ಅಂಚಿನಲ್ಲಿ ನಿಂತು ಕರೆದೆ. ಏಳನೇ ದಿನ ಸೊಪ್ಪಿಗೆ ಹೋದವರಿಗೆ ಎಲುಬು, ಕೊಂಬು ಸಿಕ್ಕಿತು. ಚಿರತೆ ತಿಂದದ್ದು ಎಂದರು. ಕರುವೂ ಉಳಿಯಲಿಲ್ಲ. ಚಿರತೆಗೆ ಹಸಿವಾಗಿತ್ತು, ತಿಂದಿತು ಎಂದು ನಾನು ಅಂದುಕೊಂಡೆ. ಆದರೆ ಮತ್ತೆ ದನ ಕಟ್ಟಲಿಲ್ಲ. ಆ ಕರೆಯನ್ನು ಮತ್ತೆ ಕರೆಯಲೂ ಇಲ್ಲ. ಇದಾಗಿ ಮೂವತ್ತು ವರ್ಷದ ಮೇಲಾಗಿದೆ.

ಮೃಗಾಲಯಕ್ಕೆ ಹೋಗುವುದು ಮಾಲತಿಯ ಯೋಚನೆ. ಟಿವಿಯಲ್ಲಿ ಪ್ರಾಣಿ ಬಂದರೆ ತನುಷ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಎದುರಿಗೇ ಕಂಡರೆ ಬಾಯಿ ಬಿಟ್ಟಾನು ಎಂದು ಅವಳ ಆಸೆ. ಮಗನಿಗೆ ಬಾಡಿಗೆ ಬಿಟ್ಟು ಬರಲಾಗಲಿಲ್ಲ. ಇಬ್ಬರು ಮಕ್ಕಳನ್ನು ಅವಳೊಬ್ಬಳೇ ಹಿಡಿಯಲಾರಳು ಎಂದು ನಾನು ಹೊರಟೆ. ಬೆಳಗಿನ ಲೋಕಲ್ ಟ್ರೈನಿನಲ್ಲಿ ಮಂಗಳೂರು ಕಡೆಗೆ. ಭಟ್ಕಳ ದಾಟುವಷ್ಟರಲ್ಲಿ ಸಿಂಚನಾ ಎರಡು ಸಲ ವಾಂತಿ ಮಾಡಿಕೊಂಡಳು. ಟ್ರೈನಿಳಿದು ಬಸ್ಸು, ಬಸ್ಸಿಳಿದು ನಡಿಗೆ, ಟಿಕೆಟಿಗೆ ಸಾಲು. ಒಳಗೆ ಹೋಗುವ ಮೊದಲೇ ನನ್ನ ಮಂಡಿ ಸೋತಿತ್ತು.

ಮೃಗಾಲಯ ಎಂದರೆ ಏನು, ನಡೆಯುವುದು. ಬಿಸಿಲಲ್ಲಿ ನಡೆದು ಹೋದರೆ ಒಂದು ಪ್ರಾಣಿ ಮಲಗಿರುತ್ತದೆ, ಮತ್ತಷ್ಟು ನಡೆದರೆ ಇನ್ನೊಂದು ಮಲಗಿರುತ್ತದೆ. ತನುಷ ನಡೆಯಲೊಲ್ಲ, ಸೊಂಟದ ಮೇಲೇ ಆಗಬೇಕು. ಒಂದು ಬೋನಿಗೆ ಮಾಲತಿ, ಮುಂದಿನದಕ್ಕೆ ನಾನು. ಮಾಲತಿ ಪ್ರತಿ ಬೇಲಿಯ ಮುಂದೆ ನಿಂತು ಅವನ ಗಲ್ಲ ಹಿಡಿದು, “ನೋಡು ಪುಟ್ಟಾ, ಜಿಂಕೆ. ಜಿಂ...ಕೆ. ಹೇಳು,” ಎನ್ನುತ್ತಿದ್ದಳು. ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. ಅವನು ಜಿಂಕೆಯನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ.

“ಬಿಡೆ ಮಾರಾಯ್ತಿ, ನಿನ್ನ ಜಿಂಕೆ ಕೇಳಿ ಕೇಳಿ ನಂಗೇ ಕೋಡು ಬಂತು,” ಎಂದೆ. ಸಿಂಚನಾ ನಕ್ಕಳು. ಹುಲಿಯ ಹತ್ತಿರ ಬಂದಾಗ, “ಅಜ್ಜೀ, ಹುಲಿ ನಿನ್ನಂಗೇ ಬಾಯಿ ತೆಕ್ಕಂಡಿ ನಿದ್ರೆ ಮಾಡ್ತದೆ!” ಎಂದು ಕೂಗಿದಳು. ಮಾಲತಿ ಮಾತ್ರ ನಗಲಿಲ್ಲ. ಹೊತ್ತು ಏರಿದಂತೆ ಅವಳ ದನಿ ಇಳಿಯುತ್ತ ಹೋಯಿತು. ಮೊಸಳೆಯ ಕೊಳದ ಹತ್ತಿರ ‘ಹೇಳು’ ಎನ್ನುವುದನ್ನೇ ಬಿಟ್ಟಳು. ಅವಳು ಬಿಟ್ಟದ್ದು ನೋಡಿ, ಸುಮ್ಮನಿರು ಎಂದ ನನಗೇ ಕೆಟ್ಟದೆನಿಸಿತು.

ಚಿರತೆಯ ಬೋನಿನ ಹತ್ತಿರ ಬಂದಾಗ ನಡು ಮಧ್ಯಾಹ್ನ. ಎದುರಿಗೆ ಸಿಮೆಂಟಿನ ಕಟ್ಟೆಯಿತ್ತು. ನಾನು ಚಪ್ಪಲಿ ಬಿಟ್ಟು ಕೂತೆ. ಮಾಲತಿ ಬಾಟಲಿಗೆ ನೀರು ತುಂಬಿಸಲು ಹತ್ತು ಮಾರು ಆಚೆಯ ನಲ್ಲಿಗೆ ಹೋದಳು. ಸಿಂಚನಾ ಬೋನಿನ ಮುಂದಿನ ಬೇಲಿಗೆ ಮುಖ ಒತ್ತಿ ನಿಂತಿದ್ದಳು. ಅವಳ ಪಕ್ಕದಲ್ಲಿ ತನುಷ. ನನಗೆ ಕಾಣುತ್ತಿದ್ದದ್ದು ಇಬ್ಬರ ಬೆನ್ನು. ಚಿರತೆ ಹಿಂಬದಿಯ ಗೋಡೆಗೆ ಮುಖ ಮಾಡಿ ಮಲಗಿತ್ತು. ಚಿರತೆ ನೋಡಿ ನನಗೆ ಸೋಮಿಯ ನೆನಪಾಯಿತೇ ಎಂದು ನೀವು ಕೇಳಬಹುದು. ಇಲ್ಲ. ಕಾಲು ಉರಿಯುತ್ತಿತ್ತು, ತಿರುಗಿ ಹೋಗುವ ಟ್ರೈನಿನಲ್ಲಿ ಕೂರಲು ಜಾಗ ಸಿಗುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಆಗ ಕರೆ ಕೇಳಿತು.

“ಸೋಮೀ...” ಎಂದು ಉದ್ದಕ್ಕೆ. ಆಮೇಲೆ ನಾಲಗೆ ಹೊರಳಿಸಿ “ಹುರ್ರ್”. ಕೊನೆಗೆ ಗಂಟಲೊಳಗೇ ಸಣ್ಣಗೆ ಒಂದು “ಬೋ”. ದನ ಕರೆಯುವವರು ಊರ ತುಂಬ ಇದ್ದರು, ಆದರೆ ಒಬ್ಬೊಬ್ಬರದು ಒಂದೊಂದು ರೀತಿ. ಈ ‘ಹುರ್ರ್’ ಆದ ಮೇಲೆ ಉಸಿರು ನುಂಗಿ ‘ಬೋ’ ಎನ್ನುವುದು ನನ್ನದು, ನಾನೇ ರೂಢಿ ಮಾಡಿಕೊಂಡದ್ದು. ನನ್ನ ಗಂಡನಿಗೂ ಅದು ಬರುತ್ತಿರಲಿಲ್ಲ. ದನಿ ತೆಳ್ಳಗಿತ್ತು. ಒಂದೇ ಸಲ ಕೇಳಿತು, ಸ್ಪಷ್ಟವಾಗಿ ಕೇಳಿತು.

ಚಿರತೆ ಎದ್ದಿತು. ಮೈ ಮುರಿದು ನಿಧಾನವಾಗಿ ನಡೆದು ಬಂದು ಸರಳಿನ ಹತ್ತಿರ ನಿಂತಿತು. ಸಿಂಚನಾ ಹಿಂದಕ್ಕೆ ಹಾರಿದಳು. ನಲ್ಲಿಯ ಹತ್ತಿರ ಬಾಟಲಿ ಬಿದ್ದ ಸದ್ದಾಯಿತು, ಮಾಲತಿ ಓಡಿ ಬಂದಳು.

“ಅತ್ತೆ, ಮಾತಾಡ್ದ! ನಿಮಗೆ ಕೇಳ್ತಾ? ತನು ಮಾತಾಡ್ದ! ಎಂತದೋ ಸೋಮಿ ಅಂದ. ಯಾರು ಸೋಮಿ? ಅಂಗನವಾಡೀಲಿ ಯಾರಾದ್ರೂ ಇದ್ರಾ?” ಎನ್ನುತ್ತ ಅವನನ್ನು ಎತ್ತಿಕೊಂಡು ಅಳತೊಡಗಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ನಾನು ಕೂತಲ್ಲೇ ಕಾಲಿನಿಂದ ಚಪ್ಪಲಿ ತಡಕುತ್ತಿದ್ದೆ, ಕಣ್ಣು ಚಿರತೆಯ ಮೇಲೇ ಇತ್ತು.

ಬಕೆಟ್ ಹಿಡಿದು ಹೋಗುತ್ತಿದ್ದ ಕೆಲಸದವನು ನಿಂತು, “ಎಂತ ಅಜ್ಜಿ, ಹೆದರಿದ್ರಾ? ಪಾಪದ್ದು ಮಾರಾಯ್ರೆ ಅದು. ಇಲ್ಲೇ ಹುಟ್ಟಿದ್ದು, ಕಾಡು ಕಂಡದ್ದೇ ಇಲ್ಲ,” ಎಂದ. ಬಕೆಟಿನ ಸದ್ದಿಗೆ ಎದ್ದಿತೋ ಎಂದು ಕೇಳಿದೆ. ಊಟಕ್ಕೆ ಇನ್ನೂ ಹೊತ್ತಿದೆ, ಬಕೆಟ್ ಖಾಲಿ ಎಂದು ತೋರಿಸಿದ.

ತಿರುಗಿ ಬರುವಾಗ ಮಾಲತಿ ಟ್ರೈನಿನಲ್ಲಿ ಗಂಡನಿಗೆ, ತವರಿಗೆ, ತಂಗಿಗೆ ಫೋನು ಮಾಡಿ ಮಾಡಿ ಹೇಳಿದಳು. ಎದುರು ಕೂತಿದ್ದ ಭಟ್ಕಳದ ಹೆಂಗಸು ಅವಳ ಸಂತೋಷ ನೋಡಿ ಮಕ್ಕಳಿಗೆ ಬಿಸ್ಕಿಟು ಕೊಟ್ಟಳು. ನಾನು ಕಿಟಕಿಗೆ ಒರಗಿ, ಹುಡುಗನಿಗೆ ಆ ಕರೆ ಎಲ್ಲಿಂದ ಸಿಕ್ಕಿರಬಹುದು ಎಂದು ಒಂದೊಂದೇ ದಾರಿ ಹುಡುಕುತ್ತಿದ್ದೆ. ನಿದ್ದೆಯಲ್ಲಿ ನಾನೇ ಕರೆದಿದ್ದೇನೆಯೇ? ಪಕ್ಕದಲ್ಲಿ ಮಲಗುವ ಸಿಂಚನಾಳನ್ನು ಕೇಳಿದೆ. ಗೊರಕೆ ಮಾತ್ರ ಎಂದಳು. ಮಗ ಚಿಕ್ಕಂದಿನಲ್ಲಿ ಕೇಳಿದ್ದನ್ನು ಆಟಕ್ಕೆ ಕಲಿಸಿರಬಹುದೇ? ಮನೆಗೆ ಬಂದು, ಬೇರೆ ಮಾತಿನ ನಡುವೆ ಎಂಬಂತೆ ಮಗನ ಹತ್ತಿರ ಸೋಮಿಯ ಹೆಸರೆತ್ತಿದೆ. “ನಮ್ಮನೇಲಿ ದನ ಇತ್ತಾ ಆಯಿ?” ಎಂದ. ಸೋಮಿ ಹೋದಾಗ ಅವನು ತೊಟ್ಟಿಲಿನಲ್ಲಿದ್ದವನು.

ಆ ತಿಂಗಳಲ್ಲೇ ತನುಷ ‘ಅಮ್ಮ’ ಎಂದ. ಆಮೇಲೆ ‘ನೀರು’. ಮಳೆಗಾಲ ಮುಗಿಯುವಷ್ಟರಲ್ಲಿ ಪೂರ್ತಿ ಮಾತು. ಈಗ ಊರ ಶಾಲೆಗೇ ಹೋಗುತ್ತಾನೆ, ಬಾಯಿ ಮುಚ್ಚಿಸುವುದೇ ಕೆಲಸವಾಗಿದೆ. ಮೃಗಾಲಯದಿಂದ ಆಯಿತು ಎಂದು ಮಾಲತಿ ಹೇಳುತ್ತಾಳೆ. ಕಾಲ ಬಂತು, ಆಡಿದ ಎಂದು ಡಾಕ್ಟರು. ಯಾರು ಏನು ಹೇಳಿದರೂ ನಾನು ಹೌದೆನ್ನುತ್ತೇನೆ. ಅವಳಿಗೆ ಸಿಕ್ಕ ಸಂತೋಷದ ನಡುವೆ ನನ್ನ ತೆಳಿಯ ಕಥೆ ಹೊಯ್ಯುವುದು ಯಾಕೆ? ಆ ಕರೆಯನ್ನು ಹುಡುಗ ಮತ್ತೆಂದೂ ಕರೆಯಲಿಲ್ಲ. ಒಂದೆರಡು ಸಲ ಕೊಟ್ಟಿಗೆಯ ಹಿಂದೆ ನಿಂತು ನಾನೇ ಕರೆದು ನೋಡಿದೆ. ‘ಹುರ್ರ್’ ಆದ ಮೇಲೆ ಉಸಿರು ಸಾಲುವುದಿಲ್ಲ, ‘ಬೋ’ ಬರುವುದಿಲ್ಲ.

ಕಳೆದ ತಿಂಗಳು ಮಧ್ಯಾಹ್ನ ಅವನಿಗೆ ಅನ್ನ ಬಡಿಸಿ ಎದುರಿಗೆ ಕೂತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎರಡು ವರ್ಷದಿಂದ ತಡೆದುಕೊಂಡದ್ದು ಬಾಯಿಗೆ ಬಂತು.

“ತನು, ಅವತ್ತು ಚಿರತೆ ಹತ್ರ ನೀ ಸೋಮೀ ಅಂದಿ ಕರದ್ಯಲ, ನಿಂಗೆ ಅದು ಯಾರು ಹೇಳ್ಕೊಟ್ರಾ?”

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಮೀನಿನ ಮುಳ್ಳು ಬಿಡಿಸುತ್ತಿದ್ದ.

“ನಾ ಎಲ್ಲಿ ಕರದೆ? ನೀನೇ ಅಲ್ವಾ ಹಿಂದ್ ಕೂತ್ಕಂಡಿ ಕರದದ್ದು,” ಎಂದ. ಆಮೇಲೆ ಇನ್ನೊಂದು ತುಂಡು ಮೀನು ಕೇಳಿದ.

ಹಾಕಿದೆ. ಅವನಿಗೆ ಈಗ ಆರು ವರ್ಷ, ಸುಳ್ಳು ಹೇಳುವಷ್ಟು ಬುದ್ಧಿ ಬಂದಿದೆ. ಆದರೆ ಸುಳ್ಳು ಹೇಳುವಾಗ ಅವನು ನನ್ನ ಮುಖ ನೋಡುತ್ತಾನೆ, ಅದು ನನಗೆ ಗೊತ್ತು.