ಓಟಕ್ಕೆ ಸಿ ಗ್ರೇಡ್

ಇವತ್ತು ಮಾಡಿದ್ದು: ಹೆಸರುಕಾಳು ನೆನೆ ಹಾಕಿದೆ, ಹನ್ನೆರಡು ರೊಟ್ಟಿ ಬಡಿದೆ, ನಮ್ಮ ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ, ಸ್ಟೇಷನ್ ರಸ್ತೆಯಲ್ಲಿ ಹರಿದ ಚಪ್ಪಲಿ ಹೊಲಿಸಿ ಹೊನವಾಡದ ಬಸ್ಸು ಹಿಡಿದೆ. ಆಮೇಲೆ ನಾನೇ ಕೊಟ್ಟ ಒಂದು ಗ್ರೇಡನ್ನು ಹೊಡೆದು ಹಾಕಿಸಿದೆ. ಈ ಕೊನೆಯ ಕೆಲಸಕ್ಕೇ ಇಡೀ ದಿನ ಹಿಡಿಯಿತು.

ಹೊನವಾಡದ ಹಾದಿಯಲ್ಲಿ, ಹೊಲಗಳ ನಡುವಿನ ಒಂದು ವಸ್ತಿಯ ಶಾಲೆಯಲ್ಲಿ ನಾನು ಶಿಕ್ಷಕಿ. ಲೆಕ್ಕ, ಭಾಷೆಗಳ ಜತೆಗೆ ಮಕ್ಕಳ ದೈಹಿಕ ಕೌಶಲಕ್ಕೂ ಮನೋಭಾವಕ್ಕೂ ನಾವು ಗ್ರೇಡ್ ಹಾಕಬೇಕು. ಕಳೆದ ತಿಂಗಳು ಈ ಕೆಲಸಕ್ಕೆ ಮೈದಾನ ಸಿಗಲಿಲ್ಲ. ಉದ್ದು ಕಿತ್ತಿದ್ದರು. ವಸ್ತಿಯ ಜನ ಪ್ರತಿ ವರ್ಷದಂತೆ ಶಾಲೆಯ ಅಂಗಳದ ತುಂಬ ಉದ್ದಿನ ಕಾಯಿ ಹರವಿದ್ದರು. ರಾಶಿ ಮುಗಿಯುವ ತನಕ ಅಂಗಳ ಅವರದೇ, ಅದನ್ನು ಯಾರೂ ಕೇಳುವುದಿಲ್ಲ.

“ಮೈದಾನ ಇಲ್ಲಂದ್ರ ಏನಾತ್ರಿ ಅಕ್ಕೋರ, ಒಳಗ ಕುಂಡ್ರಿಸಿ ಬರಸ್ರಿ,” ಎಂದರು ಹೆಡ್ ಮಾಸ್ತರರು. “ಬರದ ಹಾಳಿ ಇದ್ರ ದಾಖಲೆ ಆಕ್ಕೈತಿ. ಓಡಿದ್ದು ಎಲ್ಲಿ ದಾಖಲೆ ಆಕ್ಕೈತ್ರಿ?”

ನನಗೂ ಅದು ಸರಿಯೆನಿಸಿತು. ‘ಖೋ-ಖೋ ಆಟದಲ್ಲಿ ಓಡುವ ವಿಧಾನವನ್ನು ವಿವರಿಸಿರಿ’ ಎಂದು ಬೋರ್ಡಿನ ಮೇಲೆ ಬರೆದೆ. ಮಕ್ಕಳು ತಲೆ ತಗ್ಗಿಸಿ ಕುಳಿತು ದೈಹಿಕ ಕೌಶಲ ತೋರಿಸತೊಡಗಿದರು.

ಏಳನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಹೊರಗೇ ನೋಡುತ್ತಿದ್ದಳು. ಹರವಿದ್ದ ಕಾಯಿಯಲ್ಲಿ ಅವರ ಮನೆಯದೂ ಇತ್ತು. ಎರಡು ಸಲ ಗದರಿಸಿದೆ. ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ, “ಆಡು ಬಂದಾವ್ರಿ!” ಎಂದು ಕೂಗಿ, ಬಾಗಿಲ ಬಳಿಯ ಬೆಂಚು ಜಿಗಿದು, ಕಾಯಿಯ ಗುಂಪಿಯನ್ನು ಒಂದೇ ನೆಗೆತಕ್ಕೆ ದಾಟಿ, ಆಡುಗಳನ್ನು ಬೇಲಿಯಾಚೆ ಅಟ್ಟಿ ಬಂದು ಕುಳಿತಳು. ಉಸಿರು ಕೂಡ ಏರಿರಲಿಲ್ಲ.

ಅವಳ ಹಾಳೆಯಲ್ಲಿದ್ದದ್ದು ಒಂದೇ ಸಾಲು: ‘ಹಿಂದ ನೋಡದ ಓಡಬೇಕು.’ ದೈಹಿಕ ಕೌಶಲಕ್ಕೆ ಸಿ ಹಾಕಿದೆ. ಅಪ್ಪಣೆಯಿಲ್ಲದೆ ಎದ್ದಿದ್ದಕ್ಕೆ ಮನೋಭಾವಕ್ಕೂ ಸಿ. ಬೇವಿನ ಮರದಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹುಡುಗ ಅಂಚಿಗೆ ಗೆರೆ ಹೊಡೆದು ಎರಡು ಪುಟ ಬರೆದಿದ್ದ. ಓಟಕ್ಕೆ ಅವನಿಗೆ ಎ ಪ್ಲಸ್.

ಇವತ್ತು ತಾಲ್ಲೂಕು ಖೋ-ಖೋ ಪಂದ್ಯಕ್ಕೆ ತಂಡದ ಪಟ್ಟಿ ಕೊಡುವ ಕಡೆಯ ದಿನ. ಕೌಶಲದ ಗ್ರೇಡ್ ‘ಬಿ’ಗಿಂತ ಕೆಳಗಿದ್ದರೆ ಫಾರ್ಮು ನಡೆಯುವುದಿಲ್ಲ.

“ಏನ್ರಿ ಅಕ್ಕೋರ ಇದು, ಈಕಿಗೆ ಸಿ ಕೊಟ್ಟೀರಿ? ಈಕಿನ್ನ ಬಿಟ್ರ ನಮ್ಮ ಟೀಮ್ ಎಲ್ಲಿ ಐತ್ರಿ?” ಎಂದರು ಹೆಡ್ ಮಾಸ್ತರರು.

“ಬರದದ್ದು ನೋಡಿ ಕೊಡ್ರಿ ಅಂದವರು ನೀವಽ ಅಲ್ರಿ ಸರ?”

“ಅಂದ್ರ, ಈಗ ಪ್ಲಾಸ್ಟರ್ ಹಾಕ್ಕೊಂಡಾವನ್ನ ಓಡಸೂಣೇನು?”

ಹುಡುಗಿ ಬಾಗಿಲಲ್ಲೇ ನಿಂತಿದ್ದಳು. “ಅಕ್ಕೋರ, ನಾ ಹೋಗ್ತೇನಲ್ರಿ ಆಡಾಕ? ನಮ್ಮವ್ವ ಬೂಟು ತಂದಾಳ್ರಿ.” ಕಾಲಲ್ಲಿ ಬಿಳಿ ಬೂಟು. ಇನ್ನೂ ಮಣ್ಣು ಕಂಡಿರಲಿಲ್ಲ.

ಕೌಶಲದ ಗ್ರೇಡುಗಳು ಆಗಲೇ ತಿಕೋಟಾದ ತಾಲ್ಲೂಕು ಕಚೇರಿಗೆ ಹೋಗಿದ್ದವು, ತಿದ್ದುವುದಿದ್ದರೆ ಅಲ್ಲೇ. ಅವಳ ಹಾಳೆ, ತಂಡದ ಪಟ್ಟಿ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ತಿಕೋಟಾಕ್ಕೆ ಹೋದೆ. ಪಟ್ಟಿ ತೆಗೆದುಕೊಳ್ಳುತ್ತಿದ್ದ ಸಾಹೇಬರು ಸಮಾಧಾನದ ಮನುಷ್ಯರು.

“ತಿದ್ದಬೇಕಂದ್ರ ಆಧಾರ ಬೇಕಲ್ರಿ ಮೇಡಂ.”

“ಆಕಿ ಓಡಿದ್ದು ನಾ ಕಣ್ಣಾರೆ ನೋಡೀನ್ರಿ.”

“ಕಣ್ಣು ಫೈಲಿಗೆ ಹಚ್ಚಾಕ ಬರಂಗಿಲ್ಲಲ್ರಿ.”

“ನೋಡಿದ್ದು ಬರದು ಕೊಟ್ರ?”

“ಹಾಂ, ಅದು ನಡೀತದ.”

ಅಲ್ಲೇ ಬೆಂಚಿನ ಮೇಲೆ ಕುಳಿತು ನಾನು ಪರೀಕ್ಷೆ ಬರೆದೆ. ಬೆಂಚು, ಗುಂಪಿ, ಬೇಲಿ ಎಲ್ಲ ಬರೆದು, ‘ಇಷ್ಟು ನೋಡಿಯೂ ಸಿ ಕೊಟ್ಟದ್ದು ನನ್ನದೇ ತಪ್ಪು’ ಎಂದು ಸಹಿ ಮಾಡಿದೆ. ಸಾಹೇಬರು ಎರಡು ಸಲ ಓದಿದರು.

“ಭಾಳ ಚಂದ ಬರದೀರಿ. ಆದ್ರ ಆಡು ಎಷ್ಟು ಅಂತ ಬರದಿಲ್ಲ.”

‘ನಾಲ್ಕು’ ಎಂದು ಸೇರಿಸಿದೆ.

“ನಾಳೆ ಮ್ಯಾಲಿನವರು ನೋಟಿಸ್ ಕೊಟ್ರ ಉತ್ತರ ನೀವಽ ಕೊಡಬೇಕಾಕ್ಕೈತಿ ನೋಡ್ರಿ.”

“ಕೊಡ್ತೇನ್ರಿ.”

ಸಿ ಹೊಡೆದು ಎ ಬರೆದರು. ಮನೋಭಾವದ ಸಿಯನ್ನೂ ತಿದ್ದಿರಿ ಎಂದೆ. “ಅದನ್ನ ಫಾರ್ಮಿನ್ಯಾಗ ಕೇಳಿಲ್ಲ, ಇರಲಿ ಬಿಡ್ರಿ,” ಎಂದರು. ಅದು ಶಾಲೆಯ ವಹಿಯಲ್ಲಿದೆ, ನಾಳೆ ಹೋದ ಕೂಡಲೇ ತಿದ್ದಬೇಕು.

ಹೆಡ್ ಮಾಸ್ತರರಿಗೆ ಫೋನ್ ಮಾಡಿ, ಹುಡುಗಿಗೆ ಹೇಳ್ರಿ ಎಂದೆ. “ಎಲ್ಲಿ ಸಿಗ್ತಾಳ್ರಿ! ಮತ್ತ ಆಡಿನ ಹಿಂದ ಹೋಗ್ಯಾಳ. ಬೂಟು ಕೈಯಾಗ ಹಿಡ್ಕೊಂಡು ಓಡ್ಯಾಳ್ರಿ,” ಎಂದು ನಕ್ಕರು.

ಇಬ್ರಾಹಿಂಪುರದ ಮನೆ ಮುಟ್ಟುವಷ್ಟರಲ್ಲಿ ಬಬಲೇಶ್ವರದ ಶಾಲೆಯಲ್ಲಿ ಗುಮಾಸ್ತರಾಗಿರುವ ನಮ್ಮ ಮನೆಯವರು ಬಂದು, ನೆನೆದ ಹೆಸರುಕಾಳಿನ ಪಲ್ಯ ಮಾಡಿಟ್ಟಿದ್ದರು. ನಡೆದದ್ದೆಲ್ಲ ಕೇಳಿ, “ನನ್ನ ಪಲ್ಯಕ್ಕ ಯಾವ ಗ್ರೇಡ್?” ಎಂದರು.

“ಮಾಡೂ ವಿಧಾನ ಬರದು ಕೊಡ್ರಿ, ನೋಡ್ತೇನಿ,” ಎಂದೆ.

ಬೆಳಗಿನ ರೊಟ್ಟಿ, ಪಲ್ಯ, ಮೊಸರು, ಶೇಂಗಾ ಹಿಂಡಿ ಉಂಡೆವು. ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು, ಹಿಂಡಿ ಕಲಸಿಕೊಂಡೆ. ಅವರು ಮೊದಲು ಮಲಗಿದರು.