ಒಂದು ಹಲ್ಲಿನ ವ್ಯತ್ಯಾಸ

ನನ್ನ ಹೆಂಡತಿಯ ತಮ್ಮ ಬೇಲಾಪುರದಲ್ಲಿ ಗ್ಯಾರೇಜು ತೆರೆದಾಗ ಪೂಜೆಗೆ ಹೋಗಿ ಊಟ ಮಾಡಿ ಬಂದೆ. ಆ ಊಟ ನನಗೆ ಜೀರ್ಣವಾಗಲಿಲ್ಲ. ನೆಲಕ್ಕೆ ಟೈಲ್ಸು, ಗಿರಾಕಿಗಳಿಗೆ ಎಸಿ ಕೋಣೆ, ತಂತಿ ಚುಚ್ಚಿದರೆ ಕಾರಿನ ರೋಗ ಹೇಳುವ ಸ್ಕ್ಯಾನರು. ನಾನೋ ನೌಪಾಡಾದ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲು ಒರೆಸುತ್ತ, ಬಿಡುವಿನಲ್ಲಿ ಪಕ್ಕದ ಗ್ಯಾರೇಜಿಗೆ ಹೋಗಿ ಕೆಲಸ ಕಲಿತು, ಕಲ್ವಾ ನಾಕಾದಲ್ಲಿ ತಗಡಿನ ಮಾಡಿನ ಕೆಳಗೆ ಸ್ವಂತದ್ದು ಶುರು ಮಾಡಿದವನು. ನನ್ನ ಸ್ಕ್ಯಾನರು ನನ್ನ ಕಿವಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡರೆ ಸಾಕಾಗುತ್ತಿತ್ತು.

ನಾನು ಟೇಬಲು ಒರೆಸಿದ ಹೋಟೆಲಿನ ಧನಿಗಳೇ ನನ್ನ ಮೊದಲ ಗಿರಾಕಿ. ಅವರ ಕಾರಿನ ಬಾನೆಟ್ಟನ್ನು ನನ್ನ ಹೊರತು ಯಾರೂ ಎತ್ತಿರಲಿಲ್ಲ. ಅವರನ್ನು ನೋಡಿಯೇ ಉಳಿದ ಹೋಟೆಲಿನವರು ನನ್ನಲ್ಲಿಗೆ ಬರುತ್ತಿದ್ದರು. ಅವರೊಬ್ಬರು ಜಾರಿದರೆ ಸಾಲು ಪೂರ್ತಿ ಜಾರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ಸಾವಿರದ ಹನ್ನೆರಡರ ಸುಮಾರಿಗೆ ಆ ಕಾರಿನ ಟೈಮಿಂಗ್ ಬೆಲ್ಟ್ ಬದಲಿಸಿದೆ. ಕೆಳಗಿನ ಕ್ರ್ಯಾಂಕ್ ತಿರುಗಿದಂತೆ ಮೇಲಿನ ಕ್ಯಾಮ್‌ಶಾಫ್ಟನ್ನು ತಿರುಗಿಸಿ, ವಾಲ್ವುಗಳು ಹೊತ್ತಿಗೆ ಸರಿಯಾಗಿ ತೆರೆಯುವಂತೆ ನೋಡಿಕೊಳ್ಳುವುದು ಈ ಹಲ್ಲಿನ ಪಟ್ಟಿ. ಹಳೆಯದನ್ನು ತೆಗೆಯುವ ಮೊದಲು, ನನ್ನ ರೂಢಿಯಂತೆ, ತಂಬಾಕಿನ ಡಬ್ಬಿಯ ಸುಣ್ಣದಿಂದ ಚಕ್ರಗಳಿಗೆ ಬೊಟ್ಟಿಟ್ಟೆ. ಹೊಸ ಪಟ್ಟಿ ಬಿಗಿಯುವ ಹೊತ್ತಿಗೆ ಬಿಡಿಭಾಗದ ಅಂಗಡಿಯವನ ಫೋನು ಬಂತು. ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಚೌಕಾಸಿ ಮಾಡುತ್ತಲೇ ಕೆಲಸ ಮುಗಿಸಿದೆ.

ವಾರದೊಳಗೆ ಧನಿಗಳು ಕಾರು ತಂದು ನಿಲ್ಲಿಸಿದರು. "ಸ್ಟಾರ್ಟ್ ಏನೋ ಆಗ್ತದೆ ಮಾರಾಯ್ರೆ. ಮುಂಬ್ರಾ ಬೈಪಾಸ್ ಏರಿನಲ್ಲಿ ರಿಕ್ಷಾದವ ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ ನಗಾಡಿ ಹೋದ." ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪವೂ ಹೊತ್ತಿತ್ತು. ಪ್ಲಗ್ಗು ಬದಲಿಸಿದೆ. ಕ್ಯಾಮ್‌ಶಾಫ್ಟಿನ ಸೆನ್ಸರನ್ನೂ ಬದಲಿಸಿದೆ. ಮೂರು ದಿನಕ್ಕೆ ದೀಪ ಮತ್ತೆ ಹೊತ್ತಿತು. ಬೆಲ್ಟಿನ ಮೇಲೆ ನನಗೆ ಸಂಶಯವೇ ಬರಲಿಲ್ಲ. ಅದು ನನ್ನದೇ ಕೈಕೆಲಸವಲ್ಲವೆ?

ಒಮ್ಮೆ ಬೇಲಾಪುರದಲ್ಲಿ ತೋರಿಸುವಾ, ಅವನೂ ನಿಮ್ಮ ಮನೆಯವನೇ ಅಲ್ವಾ ಎಂದರು ಧನಿಗಳು. ನಾನೂ ಜೊತೆಗೆ ಹೊರಟೆ. ಸಹಾಯಕ್ಕಲ್ಲ, ಅವನು ತಪ್ಪುವುದನ್ನು ಕಣ್ಣಾರೆ ನೋಡಲಿಕ್ಕೆ.

ಭಾವಮೈದ ಸ್ಕ್ಯಾನರು ಸಿಕ್ಕಿಸಿದ. ಕ್ರ್ಯಾಂಕಿಗೂ ಕ್ಯಾಮಿಗೂ ತಾಳೆಯಾಗುತ್ತಿಲ್ಲ ಎಂದು ಬಂತು. ಈಗ ಸೆನ್ಸರು ಎನ್ನುತ್ತಾನೆ ಎಂದು ಕಾದೆ. ಅದನ್ನು ಬದಲಿಸಿ ಆಗಿದೆ ಮಹರಾಯ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಅವನು ನೇರ ಬೆಲ್ಟಿನ ಮುಚ್ಚಳ ಬಿಚ್ಚಿದ. ಸ್ಪ್ಯಾನರು ಹಾಕಿ ಕೈಯಿಂದಲೇ ಇಂಜಿನ್ ತಿರುಗಿಸಿ, ಕೆಳಚಕ್ರದ ಗುರುತನ್ನು ಅದರ ಜಾಗಕ್ಕೆ ತಂದ. ಮೇಲಿನ ಚಕ್ರದ ಗುರುತು ಒಂದು ಹಲ್ಲು ಹಿಂದೆ ನಿಂತಿತ್ತು. ಅದರ ಪಕ್ಕದಲ್ಲಿ ನನ್ನ ಸುಣ್ಣದ ಬೊಟ್ಟು, ಒಣಗಿ ಬೆಳ್ಳಗೆ.

ಆ ಸುಣ್ಣ ಯಾರದೆಂದು ನಮ್ಮ ನೆಂಟರಿಷ್ಟರಿಗೆಲ್ಲ ಗೊತ್ತು. ಅವನು ನನ್ನತ್ತ ನೋಡಲಿಲ್ಲ. ಹೆಬ್ಬೆರಳಿನಿಂದ ಬೊಟ್ಟನ್ನು ಉಜ್ಜಿ ತೆಗೆದು ಧನಿಗಳಿಗೆ ಹೇಳಿದ: "ಬೆಲ್ಟ್ ಬಿಗಿ ಮಾಡುವ ರೋಲರ್ ವೀಕ್ ಆಗಿತ್ತು, ಒಂದು ಹಲ್ಲು ಹಾರಿದೆ. ಭಾವ ಕೂರಿಸಿದ್ದು ಸರಿಯೇ ಇತ್ತು."

ಈ ಕಸುಬಿನವರಿಗೆ ಒಂದು ಮಾತು. ಬೆಲ್ಟ್ ಬಿಗಿದ ಮೇಲೆ ಇಂಜಿನ್ನನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಗುರುತುಗಳನ್ನು ಮತ್ತೆ ನೋಡಿ. ಪಟ್ಟಿಯಲ್ಲಿ ಸಡಿಲ ಉಳಿದಿದ್ದರೆ ಆಗ ಗೊತ್ತಾಗುತ್ತದೆ. ಚೌಕಾಸಿ ಆಮೇಲೂ ಮಾಡಬಹುದು.

ನನ್ನ ಮಾನ ಉಳಿಯಿತು, ಗಿರಾಕಿಯೂ ಉಳಿದರು. ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ನೌಪಾಡಾಕ್ಕೆ ಹೋದಾಗಲೆಲ್ಲ ಧನಿಗಳ ಬಾಯಲ್ಲಿ ಅವನದೇ ಹೊಗಳಿಕೆ. ಮನೆಯಲ್ಲಿ ಹೆಂಡತಿಯದೂ ಅದೇ ರಾಗ. ಅವನು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನ ಜಾಗದಲ್ಲಿ ನಾನಿದ್ದರೆ ಆ ಸುಣ್ಣವನ್ನು ಹತ್ತು ಜನರಿಗೆ ತೋರಿಸುತ್ತಿದ್ದೆ. ಇದು ಗೊತ್ತಿದ್ದುದರಿಂದಲೇ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.

ಕೊನೆಗೊಂದು ಲೆಕ್ಕ ಹಾಕಿದೆ. ರೋಲರು ಗಟ್ಟಿಯಾಗಿಯೇ ಇತ್ತು, ಅವನು ಹೇಳಿದ್ದು ಸುಳ್ಳು. ಧನಿಗಳಿಗೆ ಸುಳ್ಳೆಂದರೆ ಆಗದು. ತಪ್ಪು ಒಪ್ಪಿಕೊಂಡರೆ ನಾನು ಪ್ರಾಮಾಣಿಕ, ಅವನು ಸುಳ್ಳುಗಾರ. ಒಂದು ಮಧ್ಯಾಹ್ನ ಅವರ ಹೋಟೆಲಿನ ಗಲ್ಲಾಪೆಟ್ಟಿಗೆಯ ಎದುರು ನಿಂತು ಹೇಳಿಬಿಟ್ಟೆ: "ಧನಿಗಳೇ, ಬೆಲ್ಟ್ ಹಾರಿದ್ದಲ್ಲ. ನಾನೇ ತಪ್ಪು ಕೂರಿಸಿದ್ದು. ಅವ ನಿಮ್ಮ ಹತ್ರ ಸುಳ್ಳು ಹೇಳಿದ್ದು."

ಧನಿಗಳು ಎಣಿಸುತ್ತಿದ್ದ ನೋಟುಗಳನ್ನು ಕೆಳಗಿಟ್ಟರು. "ನಿಮ್ಮ ಮರ್ಯಾದೆ ಉಳಿಸ್ಲಿಕ್ಕೆ ಅವ ಹಾಗೆ ಹೇಳಿದ್ದಾ?" ಎಂದರು. ಆಮೇಲೆ ಮೆಲ್ಲಗೆ, ತಮಗೇ ಹೇಳಿಕೊಳ್ಳುವವರಂತೆ, "ಇಂಥವರು ಈಗ ಎಲ್ಲಿ ಸಿಗ್ತಾರೆ ಮಾರಾಯ್ರೆ" ಎಂದರು. ನನಗೆ ಚಹಾ ತರಿಸಿದರು. ಅದಕ್ಕೆ ಸಕ್ಕರೆ ಇತ್ತೋ ಇಲ್ಲವೋ ನೆನಪಿಲ್ಲ.

ಮುಂದಿನ ಸರ್ವಿಸಿಗೆ ಅವರು ನನ್ನಲ್ಲಿಗೆ ಬರಲಿಲ್ಲ. ನೌಪಾಡಾದಿಂದ ಬೇಲಾಪುರಕ್ಕೆ ಹೋಗುವ ದಾರಿ ನನ್ನ ಗ್ಯಾರೇಜಿನ ಮುಂದೆಯೇ ಹಾಯುತ್ತದೆ. ಬೇರೆ ಕಾರಿನ ಕೆಳಗೆ ಮಲಗಿದ್ದರೂ ಅವರ ಇಂಜಿನ್ನಿನ ಸದ್ದು ನನಗೆ ತಿಳಿಯುತ್ತಿತ್ತು. ಟೈಮಿಂಗ್ ಸರಿಯಾಗಿತ್ತು.