ರೇಡಿಯೋ ನಿಲಯಕ್ಕೆ ಟ್ರಕ್ಕು ಓಡಿಸಿದವನು

ನಮ್ಮ ದೇಶದ ಚರಿತ್ರೆಯಲ್ಲಿ ನನ್ನ ಸೋದರಮಾವನ ಪಾಲು ಹನ್ನೊಂದು ಕಿಲೋಮೀಟರ್. ಸೇನೆಯ ಮೋಟಾರು ಶೆಡ್ಡಿನ ಗೇಟಿನಿಂದ ರೇಡಿಯೋ ನಿಲಯದ ಮೆಟ್ಟಿಲವರೆಗೆ ಅಷ್ಟೇ ದೂರ. ಆ ದೂರವನ್ನು ಅವನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದ. ಅದರ ಅರ್ಥವೇನೆಂದು ತಿಳಿಯಲು ಇಪ್ಪತ್ತು ವರ್ಷ ಹೆಣಗಿದ, ಈಗಲೂ ಪೂರ್ತಿ ತಿಳಿದಿದೆ ಎಂದು ಅವನು ಹೇಳುವುದಿಲ್ಲ.

ಪರಂಗಿಯವರು ದೇಶ ಬಿಟ್ಟುಹೋದಾಗ ಮಾವನಿಗೆ ಹತ್ತು ವರ್ಷ. ಹೋಗುವಾಗ ಅವರು ಬ್ಯಾರಕ್ಕುಗಳನ್ನೂ ಟ್ರಕ್ಕುಗಳನ್ನೂ ಬಿಟ್ಟುಹೋದರು, ಜೊತೆಗೆ ಮೋಟಾರು ಶೆಡ್ಡಿನ ನಿಯಮಗಳನ್ನೂ. ಹತ್ತೊಂಬತ್ತನೇ ವಯಸ್ಸಿನಲ್ಲಿ ಮಾವ ಸೇನೆಗೆ ಡ್ರೈವರಾಗಿ ಸೇರಿದಾಗ ಅವನ ಕೈಗೆ ಮೊದಲು ಸಿಕ್ಕಿದ್ದು ಸ್ಟಿಯರಿಂಗ್ ಅಲ್ಲ, ಟ್ರಿಪ್ ಶೀಟು. ವಾಹನದ ನಂಬರು, ಹೊರಟ ಹೊತ್ತು, ಮೀಟರಿನ ಅಂಕಿ, ಎಲ್ಲಿಗೆ, ಯಾತಕ್ಕೆ, ಕರೆದೊಯ್ದ ಅಧಿಕಾರಿಯ ಸಹಿ. ಸಹಿಯಿಲ್ಲದೆ ಶೀಟು ಮರಳಿ ಬಂದರೆ ಡೀಸೆಲ್ ಕದ್ದ ಎಂದು ಡ್ರೈವರನ್ನು ಮೂರು ದಿನ ಕೂಡಿಹಾಕುತ್ತಿದ್ದರು. ಮಾವ ಐದು ವರ್ಷದಲ್ಲಿ ಒಂದು ಶೀಟನ್ನೂ ಖಾಲಿ ಬಿಟ್ಟವನಲ್ಲ. ಅಧಿಕಾರಿ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಪೆನ್ಸಿಲ್ ಹಿಡಿದು ನಿಲ್ಲುತ್ತಿದ್ದ ಎಂದು ಅತ್ತೆ ಹೇಳುತ್ತಾಳೆ. ಅದು ಉತ್ಪ್ರೇಕ್ಷೆಯಲ್ಲ ಎಂದು ನನ್ನ ನಂಬಿಕೆ.

ಐದನೇ ವರ್ಷದ ಒಂದು ಸೋಮವಾರ ಬೆಳಗಿನ ಐದೂವರೆಗೆ ಇಪ್ಪತ್ತೆರಡು ಸಿಪಾಯಿಗಳು ಟ್ರಕ್ಕಿನ ಹಿಂದೆ ಹತ್ತಿದರು. ಮುಂದೆ ಮಾವನ ಪಕ್ಕ ಒಬ್ಬ ಮೇಜರ್ ಕೂತರು. ಅವರ ತೊಡೆಯ ಮೇಲೆ ಅರಗಿನ ಮುದ್ರೆ ಒತ್ತಿದ ಒಂದು ಲಕೋಟೆ. "ರೇಡಿಯೋ ನಿಲಯ" ಎಂದರು. ಮಾವ ಗೇರು ಹಾಕಿದ. ನಿಲಯದ ಕಾವಲುಗಾರ ಸೆಲ್ಯೂಟ್ ಹೊಡೆದು ಗೇಟು ತೆಗೆದ. ಮೇಜರ್ ಸಿಪಾಯಿಗಳೊಂದಿಗೆ ಒಳಗೆ ನಡೆದರು. ಹವಾಮಾನ ವರದಿ ಓದುತ್ತಿದ್ದ ಉದ್ಘೋಷಕನ ಕೈಗೆ ಲಕೋಟೆ ಕೊಟ್ಟರು. ಅವನು ಒಡೆದು ಓದಿದ: ಸರ್ಕಾರವನ್ನು ವಜಾ ಮಾಡಲಾಗಿದೆ, ಶಾಸನಸಭೆ ಇನ್ನಿಲ್ಲ, ಬ್ರಿಗೇಡಿಯರ್ ಅವರು ದೇಶದ ಹೊಣೆ ಹೊತ್ತಿದ್ದಾರೆ.

ಹೊರಗೆ ಟ್ರಕ್ಕಿನಲ್ಲಿದ್ದ ಮಾವನಿಗೆ ಇದಾವುದೂ ಕೇಳಿಸಿರಲಿಲ್ಲ. ಹತ್ತು ನಿಮಿಷ ಕಾದ. ಮೇಜರ್ ಬೇರೆ ವಾಹನದಲ್ಲಿ ಹೊರಟುಹೋದರೆ ತನ್ನ ಶೀಟಿನ ಗತಿಯೇನು ಎಂದು ಚಿಂತೆ ಹತ್ತಿತು. ಶೀಟೂ ಪೆನ್ಸಿಲೂ ಹಿಡಿದು ಒಳಗೆ ಓಡಿದ. ಕೆಂಪು ದೀಪ ಉರಿಯುತ್ತಿದ್ದ ಬಾಗಿಲು ದೂಡಿ ನೇರ ಮೈಕಿನ ಮುಂದೆ ನಿಂತು, "ಸರ್, ಸಹಿ" ಎಂದ.

ಇಡೀ ದೇಶ ಅದನ್ನು ಕೇಳಿತು. ಸರ್ಕಾರ ಬಿದ್ದ ಸುದ್ದಿಯ ಹಿಂದೆಯೇ ಯಾರೋ ಏದುಸಿರು ಬಿಡುತ್ತ "ಸರ್, ಸಹಿ" ಎಂದದ್ದು ಏನಿರಬಹುದೆಂದು ಜನ ವಾರಗಟ್ಟಲೆ ತಲೆ ಕೆರೆದುಕೊಂಡರು. ದೇಶದ ಅಧ್ಯಕ್ಷರಿಂದ ರಾಜೀನಾಮೆ ಬರೆಸಿಕೊಂಡರು ಎಂದು ಕೆಲವರು ಅರ್ಥ ಮಾಡಿಕೊಂಡರು. ಮೇಜರ್ ಶೀಟು ತೆಗೆದುಕೊಂಡು, "ಯಾತಕ್ಕೆ" ಎಂಬ ಜಾಗದಲ್ಲಿ ಪೆನ್ಸಿಲ್ ಇಟ್ಟು ತುಸು ಯೋಚಿಸಿ, "ಕರ್ತವ್ಯ" ಎಂದು ಬರೆದು ಸಹಿ ಹಾಕಿದರು.

ಆಮೇಲಿನ ಒಂಬತ್ತು ವರ್ಷ ಮಾವ ದೊಡ್ಡ ಮನುಷ್ಯನಾಗಿದ್ದ. ಟ್ರಿಪ್ ಶೀಟಿಗೆ ಗಾಜಿನ ಕಟ್ಟು ಹಾಕಿಸಿ ಸೇನೆಯ ಸಂಗ್ರಹಾಲಯದಲ್ಲಿ ನೇತುಹಾಕಿದರು. ಅವನಿಗೊಂದು ಪದಕ ಸಿಕ್ಕಿತು. ನನ್ನ ಮೂರನೇ ತರಗತಿಯ ಪುಸ್ತಕದಲ್ಲಿ ಆ ಟ್ರಕ್ಕಿನ ಚಿತ್ರವಿತ್ತು. "ಇದರೊಳಗೆ ನನ್ನ ಮಾವ ಇದಾನೆ" ಎಂದು ನಾನು ಕಿಟಕಿಯ ಕಪ್ಪು ಚೌಕವನ್ನು ತೋರಿಸುತ್ತಿದ್ದೆ. ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಇನ್ನೊಂದು ದಂಡು ಎದ್ದಿತು. ಬ್ರಿಗೇಡಿಯರ್ ವಿಮಾನ ಹತ್ತಿ ಹೊರದೇಶಕ್ಕೆ ಓಡಿದರು. ನಮ್ಮ ಮೇಷ್ಟ್ರು ಅಂಟು ತರಿಸಿ ಆ ಪಾಠದ ಮೇಲೆ ಬಿಳಿ ಹಾಳೆ ಅಂಟಿಸಲು ಹೇಳಿದರು. ನಾನು ತುಂಬ ಅಚ್ಚುಕಟ್ಟಾಗಿ ಅಂಟಿಸಿದೆ.

ಸೈನಿಕ ನ್ಯಾಯಾಲಯಕ್ಕೆ ಸಾಕ್ಷ್ಯ ಬೇಕಾಗಿತ್ತು. ಆ ಮುಂಜಾನೆಯ ಆದೇಶಗಳೆಲ್ಲ ಬಾಯಿಮಾತಿನವು, ಲಕೋಟೆಯ ಕಾಗದವನ್ನು ಯಾರೋ ಸುಟ್ಟಿದ್ದರು. ಲಿಖಿತವಾಗಿ ಉಳಿದಿದ್ದು ಒಂದೇ, ಮಾವನ ಟ್ರಿಪ್ ಶೀಟು. ಅದರಲ್ಲಿ ಎರಡೇ ಹೆಸರು, ಡ್ರೈವರ್ ಮತ್ತು ಮೇಜರ್. ಮೇಜರ್ ಒಂಬತ್ತು ವರ್ಷವೂ ರೇಡಿಯೋ ನಿಲಯದಲ್ಲೇ ಕಾವಲಿದ್ದರು, ಹಿಂದಿರುಗಿ ಬಾ ಎಂದು ಯಾರೂ ಅವರಿಗೆ ಹೇಳಿರಲಿಲ್ಲವಂತೆ. ಅಲ್ಲಿಂದಲೇ ಎಳೆದೊಯ್ದು ಗುಂಡಿಕ್ಕಿದರು. ಮಾವನಿಗೆ ಎರಡು ವರ್ಷ ಜೈಲು, ಕೆಲಸದಿಂದ ವಜಾ. ಜೊತೆಗೆ ಡ್ರೈವಿಂಗ್ ಲೈಸೆನ್ಸು ಜೀವನಪರ್ಯಂತ ರದ್ದು.

ಜೈಲಿಗಿಂತ ಲೈಸೆನ್ಸು ಹೋದದ್ದೇ ಅವನನ್ನು ಹಣ್ಣು ಮಾಡಿತು. ಬಿಡುಗಡೆಯಾದ ಮೇಲೆ ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಸಿಕ್ಕಿತು. ತೊಳೆದ ಬಸ್ಸನ್ನು ಡೀಸೆಲ್ ಪಂಪಿಗೆ, ಅಲ್ಲಿಂದ ಸಾಲಿಗೆ, ಸಾಲಿನಿಂದ ಗೇಟಿಗೆ ಅವನೇ ಓಡಿಸುತ್ತಿದ್ದ. ಆವರಣದೊಳಗೆ ಲೈಸೆನ್ಸು ಕೇಳುವವರಿಲ್ಲ. ಗೇಟಿನ ಕಬ್ಬಿಣದ ಪಟ್ಟಿಗೆ ಮುಂದಿನ ಚಕ್ರ ತಾಗಿದೊಡನೆ ಬ್ರೇಕು ಹಾಕಿ ಇಳಿಯಬೇಕು, ಬೇರೆಯವನು ಹತ್ತಬೇಕು. ಹತ್ತು ವರ್ಷ ದಿನಕ್ಕೆ ನಲವತ್ತು ಸಲ ಹಾಗೆ ಇಳಿದ. "ಸಹಿ" ಎಂಬ ಅಡ್ಡಹೆಸರು ಅಲ್ಲಿಗೂ ಅವನ ಬೆನ್ನು ಹತ್ತಿ ಬಂದಿತ್ತು.

"ಏನ್ ಸಹಿ, ಇವತ್ತು ಯಾವ ಸರ್ಕಾರ ಬೀಳಿಸ್ತೀಯಾ?" ಎಂದು ಡ್ರೈವರುಗಳು ರೇಗಿಸುತ್ತಿದ್ದರು.

"ಮೊದ್ಲು ನಿನ್ ಬಸ್ಸಿನ ಬಂಪರ್ ಬೀಳ್ದಂಗೆ ನೋಡ್ಕೊಳ್ಳಪ್ಪ. ಸರ್ಕಾರ ಆಮೇಲೆ ನೋಡೋಣ."

ಕೊನೆಗೆ ಚುನಾವಣೆ ನಡೆದು ಪಂಚೆ, ಕೋಟಿನವರ ಸರ್ಕಾರ ಬಂತು. ಎರಡೂ ದಂಗೆಗಳಲ್ಲಿ ಶಿಕ್ಷೆಯಾದವರ ಅಹವಾಲು ಕೇಳಲು ಒಂದು ಆಯೋಗ ರಚಿಸಿದರು. ಅರ್ಜಿ ತುಂಬಿಸಿಕೊಡಲು ಮಾವ ನನ್ನ ಬಳಿ ಬಂದ. ನಮ್ಮ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ನಾಲ್ಕು ಪುಟದ ಅರ್ಜಿಯಲ್ಲಿ ಮುಖ್ಯವಾಗಿದ್ದು ಒಂದೇ ಸಾಲು: ಘಟನೆಯಲ್ಲಿ ತಿಳಿದು ಪಾಲ್ಗೊಂಡಿರೋ, ತಿಳಿಯದೆ ಪಾಲ್ಗೊಂಡಿರೋ? ತಿಳಿಯದೆ ಎಂದು ಸಾಬೀತಾದರೆ ಕಳೆದುಕೊಂಡದ್ದೆಲ್ಲ ಮರಳಿ ಸಿಗುತ್ತದೆ. ಸತ್ತವರ ಹೆಸರಿನಿಂದ ದ್ರೋಹಿ ಎಂಬ ಪದ ತೆಗೆಯುತ್ತಾರೆ. ತಿಳಿದು ಎಂದಾದರೆ ಶಿಕ್ಷೆ ಹಾಗೆಯೇ ಉಳಿಯುತ್ತದೆ.

"ತಿಳಿಯದೆ," ಎಂದು ನಾನೇ ಗುರುತು ಹಾಕಿದೆ. ಮಾವ ಬೇಡ ಎನ್ನಲಿಲ್ಲ.

ವಿಚಾರಣೆಗೆ ಮೂರು ದಿನ ಮುಂಚೆ ಮೇಜರ್ ಅವರ ಹೆಂಡತಿ ಡಿಪೋಗೆ ಬಂದರು. ಮಾವ ಕೈಯ ಸೋಪಿನ ನೊರೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಅಟೆನ್ಷನ್ನಿಗೆ ನಿಂತುಬಿಟ್ಟ. ಆಕೆ ಸುತ್ತಿಬಳಸಿ ಮಾತಾಡಲಿಲ್ಲ.

"ನಾನೂ ಅರ್ಜಿ ಹಾಕಿದೀನಿ. ಅವರಿಗೆ ಏನೂ ಗೊತ್ತಿರಲಿಲ್ಲ ಅಂತ. ಆದ್ರೆ ಅದು ನನ್ನ ನಂಬಿಕೆ ಅಷ್ಟೇ. ಆ ಇಪ್ಪತ್ತು ನಿಮಿಷ ಅವರ ಪಕ್ಕದಲ್ಲಿ ಇದ್ದವರು ನೀವೊಬ್ರೇ. ಏನಾದ್ರೂ ಮಾತಾಡಿದ್ರಾ ಅವರು?"

"ಮಾತಾಡಿದ್ರು ಅಮ್ಮ."

"ಏನಂದ್ರು?"

ಮಾವ ಕಾಲ ಬಳಿಯ ಬಕೆಟ್ಟನ್ನು ನೋಡಿದ. "ಆಯೋಗದ ಮುಂದೇನೆ ಹೇಳ್ತೀನಿ ಅಮ್ಮ," ಎಂದ.

ಅಂದು ಸಂಜೆ ಅವನು ಅತ್ತೆಗೂ ನನಗೂ ಅದನ್ನು ಹೇಳಿದ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ. ಟ್ರಕ್ಕು ಸೇತುವೆ ದಾಟುವಾಗ ಮೇಜರ್ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತ ಕೇಳಿದರಂತೆ: "ಯಾಕೆ ಹೋಗ್ತಿದೀವಿ ಅಂತ ಗೊತ್ತಾ ನಿಂಗೆ?"

ಡ್ರೈವರುಗಳ ತರಬೇತಿಯಲ್ಲಿ ಮೊದಲ ವಾರವೇ ಹವಾಲ್ದಾರ ಬಡಿದು ಕಲಿಸಿದ ಪಾಠ ಒಂದಿತ್ತು. ಅಧಿಕಾರಿ ಏನೇ ಕೇಳಲಿ, ಗೊತ್ತಿಲ್ಲ ಎನ್ನಕೂಡದು. ದಾರಿ ಗೊತ್ತಾ ಎಂದರೆ ಗೊತ್ತು ಎನ್ನಬೇಕು, ಆಮೇಲೆ ದಾರಿ ಹುಡುಕಿಕೊಳ್ಳಬೇಕು. ಆ ಐದು ವರ್ಷ ಮಾವ ಗೊತ್ತಿಲ್ಲದ ಊರುಗಳಿಗೆಲ್ಲ "ಗೊತ್ತು ಸರ್" ಎಂದೇ ಹೋಗಿ ಮುಟ್ಟಿದ್ದ. ಅಂದೂ ಬಾಯಿ ತಾನಾಗಿ, "ಗೊತ್ತು ಸರ್" ಎಂದಿತು.

"ಅದಕ್ಕೆ ಅವರೇನಂದ್ರು?" ನಾನು ಕೇಳಿದೆ.

"ನಕ್ಕರು. 'ಸದ್ಯ, ನಮ್ಮಲ್ಲಿ ಒಬ್ಬನಿಗಾದ್ರೂ ಗೊತ್ತಿದೆಯಲ್ಲ' ಅಂದು ಸೀಟಿಗೆ ಒರಗಿಕೊಂಡ್ರು. ಆಮೇಲೆ ಮಾತಿಲ್ಲ. ಸಾಹೇಬ್ರು ತಮಾಷೆ ಮಾಡ್ತಿದಾರೆ ಅಂದ್ಕೊಂಡೆ ನಾನು. ಜೈಲಲ್ಲಿ ಕೂತಾಗ ಯೋಚನೆ ಬಂತು. ಅದು ತಮಾಷೆ ಅಲ್ಲ ಅನ್ನಿಸ್ತು. ಪಾಪ, ಅವರಿಗೂ ಗೊತ್ತಿರಲಿಲ್ಲ. ಡ್ರೈವರಿಗೇ ಗೊತ್ತಿರೋ ವಿಷಯ ನಂಗೆ ಗೊತ್ತಿಲ್ಲ ಅಂತ ಮೇಜರ್ ಆದವರು ಹೆಂಗೆ ಹೇಳ್ಕೋತಾರೆ?"

ಅತ್ತೆ ಸೌಟು ಕೆಳಗಿಟ್ಟಳು. "ನೋಡ್ರೀ, ಅವರು ಕೇಳಿದ್ರು ಅನ್ನೋವರೆಗೂ ಹೇಳಿ. ನೀವಂದಿದ್ದನ್ನ ಮಾತ್ರ ನುಂಗಿಬಿಡಿ. 'ಗೊತ್ತು' ಅಂತ ನಿಮ್ಮ ಬಾಯಿಂದ್ಲೇ ಬಂದ್ರೆ ಲೈಸೆನ್ಸಿಗೆ ಎಳ್ಳುನೀರು ಬಿಟ್ಟಂಗೇ."

"ನುಂಗಿದ್ರೆ ಅವರ ಮಾತಿಗೆ ಅರ್ಥ ಎಲ್ಲಿರತ್ತೆ?"

"ಅರ್ಥ ಕಟ್ಕೊಂಡು ಏನ್ ಮಾಡ್ತೀರಿ? ಇನ್ನೆಷ್ಟು ವರ್ಷ ಆ ಗೇಟಲ್ಲಿ ಇಳಿದು ಸಾಯ್ತೀರಿ?"

ನಾನು ಅತ್ತೆಯ ಪಕ್ಷ ಹಿಡಿದೆ. ಕೇಳಿದ್ದಕ್ಕಷ್ಟೇ ಉತ್ತರಿಸಬೇಕು, ಕೇಳದ್ದನ್ನು ಹೇಳದಿರುವುದು ಸುಳ್ಳಲ್ಲ ಎಂದು ಓದಿದವಳ ಧಾಟಿಯಲ್ಲಿ ವಿವರಿಸಿದೆ. ಮಾವ ತಲೆಯಾಡಿಸಿದ. ಒಪ್ಪಿದನೋ, ಬರೀ ತಲೆಯಾಡಿಸಿದನೋ ತಿಳಿಯಲಿಲ್ಲ.

ಆಯೋಗ ಕೂತಿದ್ದು ಹಳೆಯ ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿ. ಉದ್ದನೆಯ ಮೇಜು, ಕಾಲು ಕುಂಟುವ ಕುರ್ಚಿಗಳು, ಗೋಡೆಯಲ್ಲಿ ಮೂರು ಭಾವಚಿತ್ರಗಳು ಒಂದಾದ ಮೇಲೊಂದು ಇದ್ದು ಹೋದ ಚೌಕಾಕಾರದ ಗುರುತು. ಆಯೋಗದ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಮೆಲುಮಾತಿನವರು. ಅವರ ಮುಂದೆ ಪ್ಲಾಸ್ಟಿಕ್ ಹೊದಿಕೆಯಲ್ಲಿ ಆ ಟ್ರಿಪ್ ಶೀಟು. ಮೇಜರ್ ಅವರ ಹೆಂಡತಿ ಕಿಟಕಿಯ ಬಳಿ ಕೂತಿದ್ದರು.

"ದಾರಿಯಲ್ಲಿ ಮೇಜರ್ ನಿಮ್ಮ ಹತ್ತಿರ ಮಾತಾಡಿದ್ರಾ?" ಅಧ್ಯಕ್ಷರು ಕೇಳಿದರು.

"ಯಾಕೆ ಹೋಗ್ತಿದೀವಿ ಗೊತ್ತಾ ಅಂತ ಕೇಳಿದ್ರು ಸ್ವಾಮಿ."

ಮೇಜರ್ ಅವರ ಹೆಂಡತಿ ತಲೆಯೆತ್ತಿದರು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. "ಅವರಿಗೇ ಗೊತ್ತಿಲ್ಲದೆ ಕೇಳಿದ್ರೋ, ಗೊತ್ತಿದ್ದೂ ನಿಮ್ಮನ್ನ ಪರೀಕ್ಷೆ ಮಾಡೋಕೆ ಕೇಳಿದ್ರೋ? ಬರೀ ಇಷ್ಟರಿಂದ ಹೇಗೆ ತಿಳೀಬೇಕು?"

ಮಾವ ನನ್ನತ್ತ ತಿರುಗಿದ. ನಾನು ಕಣ್ಣಲ್ಲೇ ಬೇಡ ಎಂದೆ. ಅವನು ಕಿಟಕಿಯ ಕಡೆ ನೋಡಿದ, ಆಮೇಲೆ ತನ್ನ ಎರಡೂ ಅಂಗೈ ನೋಡಿಕೊಂಡ.

"ಗೊತ್ತು ಸರ್ ಅಂದೆ ಸ್ವಾಮಿ, ನಾನು. ಸದ್ಯ ನಮ್ಮಲ್ಲಿ ಒಬ್ಬನಿಗಾದ್ರೂ ಗೊತ್ತಿದೆಯಲ್ಲ ಅಂದ್ರು ಅವರು."

ಗುಮಾಸ್ತನ ಬೆರಳಚ್ಚು ಯಂತ್ರ ಎರಡು ಸಾಲು ಹೊಡೆದು ನಿಂತಿತು.

"ನಿಮಗೆ ಗೊತ್ತಿತ್ತಾ?"

"ಇಲ್ಲ ಸ್ವಾಮಿ."

"ಮತ್ತೆ ಗೊತ್ತು ಅಂದ್ರಿ."

"ಹಂಗೇ ಅನ್ಬೇಕು ಸ್ವಾಮಿ. ಡ್ರೈವರು ಹಂಗೇ ಅನ್ನೋದು."

"ಗೊತ್ತಿಲ್ಲದೇ ಇದ್ರೂ?"

"ಗೊತ್ತಿಲ್ಲದೇ ಇದ್ರೇನೇ ಸ್ವಾಮಿ ಅನ್ಬೇಕಾಗೋದು. ಗೊತ್ತಿದ್ರೆ ಸಾಹೇಬ್ರು ಯಾಕೆ ಕೇಳ್ತಾರೆ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ನಗಲಿಲ್ಲ. ಅವರು ಇದನ್ನು ಅರ್ಥಮಾಡಿಕೊಳ್ಳಲು ನಿಜವಾಗಿಯೂ ಯತ್ನಿಸುತ್ತಿದ್ದರು ಎಂದು ನನಗನ್ನಿಸಿತು. ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದರು.

ಹೊರಗೆ ಮೆಟ್ಟಿಲ ಮೇಲೆ ಮೇಜರ್ ಅವರ ಹೆಂಡತಿ ಮಾವನಿಗಾಗಿ ಕಾದಿದ್ದರು. ಕೃತಜ್ಞತೆ ಹೇಳುತ್ತಾರೆಂದು ನಾನು ಭಾವಿಸಿದ್ದೆ.

"ನೀವು ಗೊತ್ತಿಲ್ಲ ಅಂದಿದ್ರೆ ಅವರು ಗಾಡಿ ನಿಲ್ಲಿಸ್ತಿದ್ರಾ?"

"ನಂಗೆ..." ಮಾವ ತಡವರಿಸಿದ. ಬಾಯಿಗೆ ಬಂದ ಉತ್ತರ ಮತ್ತೆ ಆ ಹಳೆಯ ಪದವೇ ಆಗಿತ್ತೇನೋ, ಅದನ್ನು ತಡೆದುಕೊಂಡ. "ಗೊತ್ತಿಲ್ಲ ಅಮ್ಮ."

ಆಕೆ ಅವನ ತೋಳನ್ನು ಒಮ್ಮೆ ಮುಟ್ಟಿ ಇಳಿದುಹೋದರು. ಸಿಟ್ಟಿನಿಂದಲೋ ಕನಿಕರದಿಂದಲೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಏಳು ತಿಂಗಳಾದ ಮೇಲೆ ಆದೇಶ ಬಂತು. ನಾನು ಅದನ್ನು ಡಿಪೋಗೆ ಒಯ್ದೆ. ಊಟದ ಬಿಡುವಿನಲ್ಲಿ ಮಾವ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ. ಓದಿ ಹೇಳಿದೆ. ಸಾಕ್ಷಿಯ ಹೇಳಿಕೆಯ ಮೇರೆಗೆ ಮೇಜರ್ ಅವರು ತಿಳಿಯದೆ ಪಾಲ್ಗೊಂಡವರು, ಅವರ ಹೆಸರಿನ ಮೇಲಿನ ಕಳಂಕ ತೆಗೆಯಲಾಗಿದೆ. ವಾಹನ ಚಾಲಕನು ಉದ್ದೇಶ ತನಗೆ ತಿಳಿದಿತ್ತೆಂದು ಆಗಲೇ ಅಧಿಕಾರಿಗೆ ಹೇಳಿದ್ದನ್ನು ತಾನೇ ಒಪ್ಪಿಕೊಂಡಿರುವುದರಿಂದ ಅವನು ತಿಳಿದು ಪಾಲ್ಗೊಂಡವನು. ಅರ್ಜಿ ತಿರಸ್ಕೃತ.

"ಇನ್ನೊಂದ್ಸಲ ಓದು."

ಓದಿದೆ. ಅವನು ಲೆಕ್ಕ ಹಾಕುವವನಂತೆ ಬೆರಳು ಮಡಿಚಿದ.

"ಬ್ರಿಗೇಡಿಯರ್ ಓಡಿಹೋದ್ರು. ಮೇಜರಿಗೆ ಗೊತ್ತಿರಲಿಲ್ಲ. ಹಿಂದೆ ಕೂತಿದ್ದ ಇಪ್ಪತ್ತೆರಡು ಜನಕ್ಕೂ ಗೊತ್ತಿರಲಿಲ್ಲ. ಅಂದ್ರೆ... ಸರ್ಕಾರದ ಪ್ರಕಾರ ಗೊತ್ತಿದ್ದೋನು ನಾನೊಬ್ನೇನಾ?"

"ಹಂಗೇ ಬರ್ದಿದಾರೆ ಮಾವ. ಮೇಲ್ಮನವಿ ಹಾಕಬಹುದು."

"ಹಾಕಿದ್ರೆ ಅವರ ಹೆಸರು ಮತ್ತೆ ಎಳೀತಾರಾ?"

"ಎರಡೂ ಒಂದೇ ಹೇಳಿಕೆ ಅಲ್ವಾ. ಎಳೆದ್ರೂ ಎಳೀಬಹುದು."

"ಹಂಗಾದ್ರೆ ಬೇಡ ಬಿಡು," ಎಂದ. ಆಮೇಲೆ ಮತ್ತೆ ಶುರುಮಾಡಿದ. ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. "ಅಲ್ಲ ಕಣೇ, ನೀನು ಓದಿದೋಳು, ನೀನೇ ಹೇಳು. ಬೆಳಗಿನ ಜಾವ, ಅಷ್ಟೊಂದು ಸಿಪಾಯಿಗಳು, ಮುದ್ರೆ ಒತ್ತಿದ ಲಕೋಟೆ. ದಡ್ಡನಿಗೂ ಒಂಚೂರು ಅನುಮಾನ ಬರ್ಬೇಕಲ್ವಾ? ಬಂದಿತ್ತೇನೋ ನಂಗೆ. ಗೊತ್ತು ಅಂದಾಗ ಏನೋ ಒಂದು ಗೊತ್ತಿತ್ತೇನೋ."

ಚರಿತ್ರೆ ನನ್ನ ಡಿಗ್ರಿಯ ಮುಖ್ಯ ವಿಷಯ. ನಾನು ಆದೇಶವನ್ನು ಮೂರನೇ ಸಲ ಓದಿಕೊಂಡು ಅವನ ಕೈಗೆ ಕೊಟ್ಟೆ. ಗೇಟಿನ ಬಳಿ ಡ್ರೈವರೊಬ್ಬ ತನ್ನ ಬಸ್ಸಿಗಾಗಿ ಕೂಗು ಹಾಕಿದ. ಮಾವ ಆದೇಶವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಸೀಟಿಗೆ ಹತ್ತಿ, ಬಸ್ಸನ್ನು ಮೆಲ್ಲಗೆ ಕಬ್ಬಿಣದ ಪಟ್ಟಿಯವರೆಗೆ ಓಡಿಸಿದ. ಅಲ್ಲಿ ಇಳಿದು ಆ ಡ್ರೈವರನಿಗೆ ಬಾಗಿಲು ಹಿಡಿದುಕೊಂಡು ನಿಂತ. ಡ್ರೈವರ್ ಹತ್ತುತ್ತ, "ಇವತ್ತು ನಂಗೆ ಯಾವ ರೂಟು ಗೊತ್ತಾ?" ಎಂದು ಕೇಳಿದ. ಮಾವ ಉತ್ತರಿಸಲು ಬಾಯಿ ತೆರೆದ, ಮತ್ತೆ ಮುಚ್ಚಿದ.